ಪರದೇಶದ ಕಿರಿಯ, ಪಂಕ್ತಿಯ ಹಿರಿಯರು

ವೃತ್ತಿಮಾತ್ಸರ್ಯವನ್ನು ಕಲ್ಲಿನಲ್ಲಿ ಕಂಡರಿಸಿ ಒಂಬತ್ತು ಶತಮಾನಗಳಿಂದ ಕಾಪಾಡಿಕೊಂಡು ಬಂದಿರುವ ಸೀಮೆ ನಮ್ಮದು. ಬೇಲೂರಿನ ಚೆನ್ನಕೇಶವ ದೇವಾಲಯದ ವಿಗ್ರಹಗಳ ಪೀಠಗಳಲ್ಲಿ ರೂವಾರಿಗಳು ತಮ್ಮ ಹೆಸರನ್ನೂ ತಂದೆಯ ಹೆಸರನ್ನೂ ಊರಿನ ಹೆಸರನ್ನೂ ಬರೆದುಕೊಂಡು ತೃಪ್ತರಾಗದೆ, ಬಿರುದಾಂಕಿತರಾದ ಇತರ ರೂವಾರಿಗಳ ಗರ್ವವನ್ನು ಮುರಿಯತಕ್ಕವರು ತಾವೆಂಬ ಅರ್ಥದ ಬಿರುದುಗಳನ್ನೂ ಅಲ್ಲಿಯೇ ಕೆತ್ತಿಕೊಂಡಿದ್ದಾರೆ. ಹಾಗೆ ಹೆಸರು ಉಳಿಸಿಹೋದವರಲ್ಲಿ ಪ್ರಸಿದ್ಧರಾದ ದಾಸೋಜನೂ ಅವನ ಮಗನಾದ ಚಾವಣನೂ ಬಳ್ಳಿಗಾವೆಯವರು, ಎಂದರೆ ಬೇಲೂರಿಗೆ ಹೊರಗಿನವರು. ಜಕಣಾಚಾರಿಯ ಐತಿಹ್ಯವನ್ನು ಇತಿಹಾಸಜ್ಞರು ಒಪ್ಪುವುದಿಲ್ಲವಾದರೂ ಜನ ಅದನ್ನು ಬಿಟ್ಟುಕೊಟ್ಟಿಲ್ಲ: ಎಲ್ಲಿಂದಲೋ ಬಂದ ಹುಡುಗನೊಬ್ಬನು ಕೀರ್ತಿವಂತನಾದ ಸ್ಥಪತಿಯ ವಿಗ್ರಹದ ಮುಂದೆ ನಿಂತು ಶಿಲೆಯಲ್ಲಿ ದೋಷವಿದೆಯೆಂದಾಗ, ಆ ಹಿರಿಯನು ಮೊದಲು ಮಾಡಿದ್ದು ಶಿಲೆಯನ್ನು ಪರೀಕ್ಷಿಸುವ ಕೆಲಸವನ್ನಲ್ಲ, ತನ್ನ ಬಲಗೈಯನ್ನು ಪಣವಾಗಿ ಒಡ್ಡಿದ. ಶಿಲೆಯೊಳಗಿನಿಂದ ಕಪ್ಪೆ ಹೊರಬಿದ್ದಿತು, ಕೈ ಹೋಯಿತು. ಹುಡುಗನು ಮಗನೇ ಎಂದು ತಿಳಿದುಬಂದುದರಿಂದ ಕಥೆ ಸುಖಾಂತವಾಯಿತು. ಬಂದವನು ಮಗನಲ್ಲದೆ ನಿಜವಾಗಿಯೂ ಪರಕೀಯನೇ ಆಗಿದ್ದಿದ್ದರೆ ಏನಾಗುತ್ತಿತ್ತೆಂಬುದನ್ನು ಐತಿಹ್ಯ ಹೇಳುವುದಿಲ್ಲ. ಕಾಲ್ಚೆಂಡಿನ ಇತಿಹಾಸ ಹೇಳುತ್ತದೆ.

ಈಚೆಗೆ ಶ್ರವಣಬೆಳಗೊಳದ ಕಲ್ಯಾಣಿಯ ಬದಿಯಲ್ಲಿ, ಬೆಂಗಳೂರು ಎಫ್‌ಸಿಯ ನೀಲಿ ಅಂಗಿ ತೊಟ್ಟು ಮೊಬೈಲಿನಲ್ಲಿ ಪಂದ್ಯ ನೋಡುತ್ತ ಕುಳಿತಿದ್ದ ಕಾಲೇಜು ಹುಡುಗನೊಬ್ಬ ನನ್ನನ್ನು ಕೇಳಿದ: "ನಮ್ ಕೋಚ್‌ಗಳಿಗೆ ಫಾರಿನ್ನಿಂದ ಬಂದೋರನ್ನ ಕಂಡ್ರೆ ಹೊಟ್ಟೆಕಿಚ್ಚು ಅಲ್ವಾ ಸಾರ್?" ಹೌದೆಂದು ಹೇಳಿಬಿಡಬಹುದಾಗಿತ್ತು, ಆದರೆ ಹೊಟ್ಟೆಕಿಚ್ಚೆಂಬುದು ಬಹಳ ಸಲ ಒಂದು ನ್ಯಾಯವಾದ ದೂರಿಗೆ ನಾವು ಕೊಡುವ ಕೀಳು ಹೆಸರಾಗಿರುವುದೂ ಉಂಟಾದ್ದರಿಂದ, ವಿಷಯವನ್ನು ಸ್ವಲ್ಪ ಸಾವಧಾನವಾಗಿ ವಿಚಾರಿಸುವುದು ಲೇಸೆಂದು ತೋರಿತು.

ಕಾಲ್ಚೆಂಡಿನ ತಂಡವೊಂದರಲ್ಲಿ ಕೋಚ್ ಅಥವಾ ಮ್ಯಾನೇಜರ್ ಎಂಬ ಪದವಿಯ ಸ್ವರೂಪವನ್ನು ಮೊದಲು ತಿಳಿಯಬೇಕು. ಕ್ರಿಕೆಟ್ಟಿನಲ್ಲಿ ಮೈದಾನದ ಮೇಲಿನ ಅಧಿಕಾರ ನಾಯಕನದು. ಇಲ್ಲಿ ಹನ್ನೊಂದು ಮಂದಿಯನ್ನು ಆರಿಸುವುದರಿಂದ ಹಿಡಿದು, ಯಾರು ಎಲ್ಲಿ ನಿಲ್ಲಬೇಕು, ಯಾರನ್ನು ಯಾವ ನಿಮಿಷಕ್ಕೆ ಹೊರಗೆ ಕರೆಯಬೇಕು ಎಂಬುದರವರೆಗೆ ಎಲ್ಲವೂ ಗೆರೆಯ ಹೊರಗೆ ನಿಂತಿರುವ ಆ ಒಬ್ಬನ ತೀರ್ಮಾನ. ಗೆದ್ದರೆ ಆಟಗಾರರ ಕೀರ್ತಿ, ಸೋತರೆ ಅವನ ಅಪರಾಧ. ಆಟಗಾರರು ನೂರಾರು ಮಂದಿ ಇರಬಹುದು. ಲೀಗಿನಲ್ಲಿ ಎಷ್ಟು ತಂಡಗಳೋ ಅಷ್ಟೇ ಕುರ್ಚಿಗಳು, ಅವುಗಳಲ್ಲಿಯೂ ಯಾವುದೂ ಭದ್ರವಲ್ಲ. ಇಂಥ ವೃತ್ತಿಯಲ್ಲಿ ಸ್ನೇಹವಿರಬಹುದು, ಸೌಹಾರ್ದವಿರುವುದು ಕಷ್ಟ. ಕಲ್ಕತ್ತೆಯಲ್ಲಿ ಪಿ.ಕೆ. ಬ್ಯಾನರ್ಜಿ, ಅಮಲ್ ದತ್ತ ಎಂಬ ಇಬ್ಬರು ಸ್ವದೇಶಿ ಗುರುಗಳ ಸ್ಪರ್ಧೆ ಎಷ್ಟು ತೀವ್ರವಾಗಿತ್ತೆಂದರೆ, 1997ರ ಜುಲೈ 13ರಂದು ಅವರ ತಂಡಗಳು ಫೆಡರೇಷನ್ ಕಪ್ಪಿನ ಸೆಮಿಫೈನಲ್‌ನಲ್ಲಿ ಸಾಲ್ಟ್‌ಲೇಕ್ ಕ್ರೀಡಾಂಗಣದಲ್ಲಿ ಎದುರಾದಾಗ ನೋಡಲು ಬಂದವರು ಒಂದು ಲಕ್ಷಕ್ಕೂ ಮೀರಿದ ಜನ. ಪಂದ್ಯಕ್ಕೆ ಮುಂಚಿನ ವಾರವೆಲ್ಲ ದತ್ತ ಮಹಾಶಯರು ಎದುರು ತಂಡದ ಆಟಗಾರರಿಗೆ ಇಟ್ಟ ಅಡ್ಡಹೆಸರುಗಳೇ ಪತ್ರಿಕೆಗಳ ಆಹಾರ. ಅಂದು ಬೈಚುಂಗ್ ಭೂತಿಯಾ ಮೂರು ಗೋಲು ಹೊಡೆದು ಆ ಹೆಸರುಗಳ ಋಣವನ್ನು ತೀರಿಸಿದರು. ಅಲ್ಲಿ ವಿದೇಶೀಯ ಕೋಚಿನ ಪ್ರಸಕ್ತಿಯೇ ಇರಲಿಲ್ಲವೆಂಬುದನ್ನು ನೆನಪಿನಲ್ಲಿಡತಕ್ಕದ್ದು.

ಇನ್ನು ಬೆಂಗಳೂರಿಗೆ ಬರೋಣ. ಈ ನಗರಕ್ಕೆ ಕಾಲ್ಚೆಂಡು ಹೊಸದಲ್ಲ. 1948ರ ಲಂಡನ್ ಒಲಿಂಪಿಕ್ಸಿನಲ್ಲಿ ಫ್ರಾನ್ಸಿನ ವಿರುದ್ಧ ಸ್ವತಂತ್ರ ಭಾರತದ ಗೋಲನ್ನು ಹೊಡೆದ ರಾಮನ್ ಇಲ್ಲಿನವರು. ಬರಿಗಾಲಿನಲ್ಲಿ ಚೆಂಡನ್ನು ಮಾತನಾಡಿಸುತ್ತಿದ್ದ ಅಹಮದ್ ಖಾನ್ ಇಲ್ಲಿನವರು. ಮೈಸೂರು ರಾಜ್ಯದ ತಂಡ 1946ರಿಂದ 1969ರೊಳಗೆ ನಾಲ್ಕು ಸಾರಿ ಸಂತೋಷ್ ಟ್ರೋಫಿಯನ್ನು ಗೆದ್ದಿತ್ತು. ಐಟಿಐ, ಎಚ್‌ಎಎಲ್ ಮುಂತಾದ ಕಾರ್ಖಾನೆಗಳ ತಂಡಗಳಲ್ಲಿ ಆಡಿ, ಕೆಲಸದ ಪಾಳಿ ಮುಗಿದ ಮೇಲೆ ಗಲ್ಲಿಯ ಹುಡುಗರಿಗೆ ಆಟ ಕಲಿಸಿ, ತಾವೇ ಚೀಲದಲ್ಲಿ ಚೆಂಡುಗಳನ್ನು ಹೊತ್ತು ತಂದು ಹೊತ್ತು ಒಯ್ದ ಗುರುಗಳ ಪರಂಪರೆಯೊಂದು ಇಲ್ಲಿತ್ತು. ಎಚ್‌ಎಎಲ್ ತಂಡ 2012ರಲ್ಲಿ ಐ-ಲೀಗಿನಿಂದ ಕೆಳಗಿಳಿಯಿತು. ರಾಷ್ಟ್ರದ ಅಗ್ರ ಲೀಗಿನಲ್ಲಿ ನಗರಕ್ಕೆ ಪ್ರಾತಿನಿಧ್ಯವಿಲ್ಲದೆ ಹೋಯಿತು. ಮರುವರ್ಷವೇ ಜಿಂದಾಲ್ ಮನೆತನದ ಜೆಎಸ್‌ಡಬ್ಲ್ಯು ಸಂಸ್ಥೆ ಹೊಸದೊಂದು ಕ್ಲಬ್ಬನ್ನು ಕಟ್ಟಿತು. ಕೆಳಗಿನ ಮೆಟ್ಟಿಲುಗಳನ್ನು ಹತ್ತುವ ಅಗತ್ಯವಿಲ್ಲದೆ ಅದಕ್ಕೆ ಅಗ್ರ ಲೀಗಿನಲ್ಲಿ ನೇರ ಪ್ರವೇಶ ದೊರೆಯಿತು. ಅದರ ಮುಖ್ಯ ಕೋಚ್ ಆಗಿ 36 ವರ್ಷ ವಯಸ್ಸಿನ ಆ್ಯಶ್ಲಿ ವೆಸ್ಟ್‌ವುಡ್ ಎಂಬ ಇಂಗ್ಲಿಷರು ಬಂದಿಳಿದರು.

ಅವರ ಪೂರ್ವಾಶ್ರಮವೇನೂ ದಿಗ್ಭ್ರಮೆಗೊಳಿಸುವಂಥದಾಗಿರಲಿಲ್ಲ. ಮ್ಯಾಂಚೆಸ್ಟರ್ ಯುನೈಟೆಡ್‌ನ ಕಿರಿಯರ ತಂಡದಲ್ಲಿ ಬೆಳೆದು, ಅಲ್ಲಿ ಹಿರಿಯರ ತಂಡಕ್ಕೆ ಏರಲಾಗದೆ, ಕ್ರೂ, ಬ್ರ್ಯಾಡ್‌ಫರ್ಡ್, ಷೆಫೀಲ್ಡ್ ಎಂದು ಊರೂರು ಆಡಿ, ಮೈಕಲ್ ಆ್ಯಪಲ್‌ಟನ್ ಎಂಬ ಮ್ಯಾನೇಜರಿಗೆ ಸಹಾಯಕರಾಗಿ ಕ್ಲಬ್ಬಿನಿಂದ ಕ್ಲಬ್ಬಿಗೆ ಹೋದವರು. ಬ್ಲ್ಯಾಕ್‌ಬರ್ನ್ ಕ್ಲಬ್ಬು 2013ರ ಮಾರ್ಚಿನಲ್ಲಿ ಆ್ಯಪಲ್‌ಟನ್ ಅವರನ್ನು ಕೇವಲ 67 ದಿನಗಳಲ್ಲಿ ಮನೆಗೆ ಕಳುಹಿಸಿತ್ತು. ಒಂದು ತಂಡದ ಪೂರ್ಣ ಹೊಣೆಯನ್ನು ವೆಸ್ಟ್‌ವುಡ್ ಹೊತ್ತದ್ದು ಬೆಂಗಳೂರಿನಲ್ಲಿಯೇ ಮೊದಲು. ಈ ದೇಶದಲ್ಲಿ ಇಪ್ಪತ್ತು ಮೂವತ್ತು ವರ್ಷ ಕೋಚಿಂಗ್ ಮಾಡಿ ತಲೆ ನರೆಸಿಕೊಂಡಿದ್ದವರಿಗೆ ಅಂಥ ಬಯೋಡೇಟಾವನ್ನು ನೋಡಿದಾಗ ಏನೆನಿಸಿದ್ದೀತೆಂಬುದನ್ನು ಊಹಿಸುವುದಕ್ಕೆ ಮಹಾ ಮನಶ್ಶಾಸ್ತ್ರವೇನೂ ಬೇಕಾಗಿಲ್ಲ.

ಆ ಹಿರಿಯರು ಯಾರೆಂಬುದನ್ನೂ ನೋಡಬೇಕು. ಗೋವೆಯ ಆರ್ಮಂಡೋ ಕೊಲಾಸೊ ಡೆಂಪೊ ತಂಡಕ್ಕೆ ಐದು ರಾಷ್ಟ್ರೀಯ ಪ್ರಶಸ್ತಿಗಳನ್ನು ತಂದುಕೊಟ್ಟಿದ್ದವರು. ಆ ಋತುವಿನಲ್ಲಿ ಈಸ್ಟ್ ಬೆಂಗಾಲಿನ ಹೊಣೆ ಅವರದಾಗಿತ್ತು. ಕಲ್ಕತ್ತೆಯ ಸುಭಾಷ್ ಭೌಮಿಕ್ 2003ರಲ್ಲಿ ಅದೇ ಈಸ್ಟ್ ಬೆಂಗಾಲನ್ನು ಜಕಾರ್ತಕ್ಕೆ ಕರೆದೊಯ್ದು ಆಸಿಯಾನ್ ಕಪ್ಪನ್ನು ಗೆದ್ದು ತಂದವರು. ಆದರೆ ಏಷ್ಯಾದ ಒಕ್ಕೂಟ ವಿಧಿಸಿದ ಎ-ಲೈಸೆನ್ಸ್ ಅವರಲ್ಲಿ ಇಲ್ಲದೆ ಇದ್ದುದರಿಂದ, 2012-13ರಲ್ಲಿ ಚರ್ಚಿಲ್ ಬ್ರದರ್ಸ್ ಪ್ರಶಸ್ತಿ ಗೆದ್ದಾಗ ಅವರ ಅಧಿಕೃತ ಪದವಿ ಕೋಚ್ ಎಂದಾಗಿರದೆ ಟೆಕ್ನಿಕಲ್ ಡೈರೆಕ್ಟರ್ ಎಂದಾಗಿತ್ತು. ಗೆದ್ದ ತಂಡವನ್ನು ಕಟ್ಟಿದವನಿಗೆ ಗೆದ್ದವನೆಂಬ ಹೆಸರನ್ನು ಬರೆದುಕೊಳ್ಳಲು ಕಾಗದವಿಲ್ಲ. ಕಾಗದವಿರುವ ಯುವಕನಿಗೆ ಇನ್ನೂ ತಂಡವನ್ನು ಕಟ್ಟಿದ ಅನುಭವವಿಲ್ಲ. ಆ ಕಾಲದ ಅಸಮಾಧಾನದ ಒಳಮರ್ಮ ಇಲ್ಲಿದೆ.

ವೆಸ್ಟ್‌ವುಡ್ ಮಾಡಿದುದೇನು? ಅವರು ಇಂದ್ರಜಾಲವನ್ನೇನೂ ತಂದಿರಲಿಲ್ಲ. ಆಟಗಾರನ ಊಟ ನಿದ್ರೆಗಳೂ ಆಟದ ಭಾಗವೆಂದರು. ಎದುರಾಳಿಯ ಪಂದ್ಯಗಳ ವಿಡಿಯೊಗಳನ್ನು ತುಂಡುತುಂಡಾಗಿ ಕತ್ತರಿಸಿ ತೋರಿಸಿದರು. ಎಪ್ಪತ್ತನೆಯ ನಿಮಿಷದ ಅನಂತರ ಓಡಲಾಗದವನಿಗೆ ಎಷ್ಟು ಚಾತುರ್ಯವಿದ್ದರೂ ಪ್ರಯೋಜನವಿಲ್ಲವೆಂದು ಖಂಡಿತವಾಗಿ ನುಡಿದರು. ಸುನೀಲ್ ಛೆಟ್ರಿಯವರಂಥ ನಾಯಕ ಅವರಿಗೆ ಸಿಕ್ಕಿದ್ದು ದೊಡ್ಡ ಭಾಗ್ಯ. ಪ್ರದ್ಯುಮ್ ರೆಡ್ಡಿಯವರಂಥ ಭಾರತೀಯ ಸಹಾಯಕ ಪಕ್ಕದಲ್ಲಿದ್ದದ್ದು ಇನ್ನೊಂದು. ಅಶೋಕನಗರದ ಹಳೆಯ ಫುಟ್‌ಬಾಲ್ ಸ್ಟೇಡಿಯಂನಲ್ಲಿ 2013ರ ಸೆಪ್ಟೆಂಬರ್ 22ರಂದು ಮೋಹನ್ ಬಾಗಾನಿನೊಡನೆ 1-1 ಸಮದಿಂದ ಮೊದಲಾದ ಯಾತ್ರೆ, 2014ರ ಏಪ್ರಿಲ್ 21ರಂದು ಗೋವೆಯ ಫತೋರ್ಡಾದಲ್ಲಿ ಡೆಂಪೊವನ್ನು 4-2ರಿಂದ ಸೋಲಿಸಿ ಪ್ರಶಸ್ತಿಯನ್ನು ಕೈಗೆ ತೆಗೆದುಕೊಳ್ಳುವುದರೊಂದಿಗೆ ಮುಗಿಯಿತು. ಹುಟ್ಟಿದ ವರ್ಷವೇ ಚಾಂಪಿಯನ್! ಕೊಲಾಸೊ ಅವರ ಈಸ್ಟ್ ಬೆಂಗಾಲ್ ಎರಡನೆಯದಾಯಿತು. ಆ ಋತುವಿನಲ್ಲಿ ಡೆಂಪೊ ತಂಡದ ಹೊಣೆಯನ್ನು ಕೊಲಾಸೊ ಅವರ ನಂತರ ಹೊತ್ತಿದ್ದವರು ಆರ್ಥರ್ ಪಾಪಾಸ್ ಎಂಬ, ವೆಸ್ಟ್‌ವುಡ್‌ರಿಗಿಂತಲೂ ಕಿರಿಯರಾದ, ಆಸ್ಟ್ರೇಲಿಯದ ತರುಣರು. ಎಂದರೆ ಭಾರತದ ಪ್ರಶಸ್ತಿ ನಿರ್ಣಯವಾಗುತ್ತಿದ್ದ ಮೈದಾನದ ಎರಡು ಕಡೆಗಳಲ್ಲಿಯೂ ಪರದೇಶದ ಕಿರಿಯರೇ ಇದ್ದರು.

ಈಗ ಅಸಮಾಧಾನದ ವಿಚಾರ. ಹೊರಗಿನಿಂದ ನೋಡುವವರು ಅದನ್ನು ವರ್ಣದ, ಭಾಷೆಯ, ವಯಸ್ಸಿನ ಜಗಳವೆಂದು ತಿಳಿಯುತ್ತಾರೆ. ಅವು ಇಲ್ಲವೆಂದು ಹೇಳಲಾರೆ. ಬಿಳಿಯನ ಮಾತಿಗೆ ಮಾಲೀಕನು ತಲೆದೂಗುವಷ್ಟು ಬೇಗನೆ ನಮ್ಮವನ ಮಾತಿಗೆ ತೂಗುವುದಿಲ್ಲವೆಂಬ ನೋವು ಈ ದೇಶದಲ್ಲಿ ಆಟಕ್ಕೆ ಮಾತ್ರ ಸೀಮಿತವಲ್ಲ. ಆದರೆ ಮುಖ್ಯವಾದ ನೋವು ಸರದಿಯದು. ಮದುವೆ ಮನೆಯಲ್ಲಿ ಮೊದಲ ಪಂಕ್ತಿಗೆ ನೂಕಾಡದೆ ಎರಡನೆಯದಕ್ಕೆ ಕಾದು ನಿಂತವನ ಎದುರಿಗೆ, ಆಗತಾನೆ ಕಾರಿನಿಂದಿಳಿದವನೊಬ್ಬನನ್ನು ಯಜಮಾನರೇ ಕೈಹಿಡಿದು ಕರೆತಂದು ಮೊದಲ ಎಲೆಗೆ ಕೂರಿಸಿದರೆ, ಕಾದವನ ಹಸಿವಿಗಿಂತ ಹೆಚ್ಚಾಗಿ ಅವನ ಮಾನಕ್ಕೆ ಪೆಟ್ಟಾಗುತ್ತದೆ. ಮತ್ತು ಅವನ ಸಿಟ್ಟು, ವಿಚಿತ್ರವೆಂದರೆ, ಕೂರಿಸಿದವರ ಮೇಲೆ ಹೋಗದೆ ಕುಳಿತವನ ಮೇಲೆ ಹೋಗುತ್ತದೆ. ನನ್ನ ಅಭಿಪ್ರಾಯದಲ್ಲಿ ನಮ್ಮ ಕೋಚುಗಳ ದೂರು ಮುಕ್ಕಾಲುಪಾಲು ನ್ಯಾಯವಾದದ್ದು, ಆದರೆ ಅದನ್ನು ಒಪ್ಪಿಸುತ್ತಿರುವ ವಿಳಾಸ ತಪ್ಪು.

ಏಕೆಂದರೆ ವೆಸ್ಟ್‌ವುಡ್‌ರಿಗೆ ದೊರೆತ ನಿಜವಾದ ಸೌಲಭ್ಯ ಅವರ ಪಾಸ್‌ಪೋರ್ಟಿನಲ್ಲಿರಲಿಲ್ಲ. ಮೂರು ಋತುಗಳ ಕಾಲ ಒಂದೇ ಕುರ್ಚಿಯಲ್ಲಿ ಕುಳಿತು, ತನಗೆ ಬೇಕಾದ ಆಟಗಾರರನ್ನು ಆರಿಸಿ, ಬೇಡವಾದವರಿಗೆ ಬೇಡವೆಂದು ಹೇಳುವ ಸ್ವಾತಂತ್ರ್ಯ ಅವರಿಗಿತ್ತು. ಹೊಸ ಕ್ಲಬ್ಬಾದ್ದರಿಂದ ಮೀಸೆ ತಿರುವುವ ಹಳೆಯ ಕಾರ್ಯದರ್ಶಿಗಳಿರಲಿಲ್ಲ, ತಮ್ಮ ಭಾವಮೈದುನನನ್ನು ಆಡಿಸೆನ್ನುವ ಪೋಷಕರಿರಲಿಲ್ಲ. ಊರಿನವನಾದ ಕೋಚಿಗೆ ಊರಿನ ಋಣಗಳಿರುತ್ತವೆ: ಇವನ ಅಣ್ಣನೊಡನೆ ತಾನು ಆಡಿದ್ದೆ, ಅವನ ತಂದೆಯಿಂದ ತನಗೆ ಕೆಲಸ ಸಿಕ್ಕಿತ್ತು. ಪರಕೀಯನಿಗೆ ದಾಕ್ಷಿಣ್ಯವಿಲ್ಲ, ಆ ನಿರ್ದಾಕ್ಷಿಣ್ಯವನ್ನೇ ನಾವು ವೃತ್ತಿಪರತೆಯೆಂದು ಹೊಗಳುತ್ತೇವೆ, ಅದೇ ಗುಣವನ್ನು ನಮ್ಮವನಲ್ಲಿ ಕಂಡರೆ ಸೊಕ್ಕೆನ್ನುತ್ತೇವೆ.

ಇದಕ್ಕೆ ಒಂದು ನಿದರ್ಶನವನ್ನು ಹತ್ತಿರದಿಂದ ನೋಡಬಹುದು. 2015ರ ಮೇ 31, ಕಂಠೀರವ ಕ್ರೀಡಾಂಗಣ. ಮಳೆಯಲ್ಲಿ ನೆನೆದ ಮೈದಾನ. ಐ-ಲೀಗಿನ ಕಟ್ಟಕಡೆಯ ಪಂದ್ಯ. ಬೆಂಗಳೂರು ಗೆದ್ದರೆ ಪ್ರಶಸ್ತಿ ಇಲ್ಲಿಯೇ ಉಳಿಯುತ್ತದೆ. ಸಮವಾದರೆ ಮೋಹನ್ ಬಾಗಾನಿನ ಪಾಲು. ಒಂದು ಬದಿಯಲ್ಲಿ ವೆಸ್ಟ್‌ವುಡ್. ಇನ್ನೊಂದರಲ್ಲಿ ಸಂಜಯ್ ಸೇನ್, ಐದಾರು ತಿಂಗಳ ಹಿಂದೆಯಷ್ಟೇ ಭೌಮಿಕ್ ಅವರ ಸ್ಥಾನಕ್ಕೆ ಬಂದಿದ್ದ ಕಲ್ಕತ್ತೆಯ ಮಣ್ಣಿನ ಮನುಷ್ಯ. ಮೊದಲ ಅರ್ಧ ಮುಗಿಯುವ ಮುನ್ನ ಜಾನ್ ಜಾನ್ಸನ್ ಗೋಲು ಹೊಡೆದು ವೆಸ್ಟ್ ಬ್ಲಾಕಿನ ನೀಲಿ ಅಂಗಿಯ ಜನವನ್ನು ಕುಣಿಸಿದರು. ಪ್ರಶಸ್ತಿ ಬಂದೇಬಿಟ್ಟಿತೆಂದು ಎಲ್ಲರೂ ಗಡಿಯಾರ ನೋಡುತ್ತಿದ್ದಾಗ, 87ನೆಯ ನಿಮಿಷದಲ್ಲಿ ಕಾರ್ನರಿನಿಂದ ಬಂದ ಚೆಂಡಿಗೆ ಬೆಲ್ಲೊ ರಜಾಕ್ ತಲೆಯೊಡ್ಡಿದರು, 1-1. 13 ವರ್ಷಗಳ ಅನಂತರ ಬಾಗಾನಿಗೆ ರಾಷ್ಟ್ರದ ಲೀಗ್ ದಕ್ಕಿತು. ಸ್ವದೇಶದ ಹಿರಿಯನೊಬ್ಬನು ಪರದೇಶದ ಕಿರಿಯನನ್ನು ಅವನ ಅಂಗಳದಲ್ಲಿಯೇ ತಡೆದ ಆ ಸಂಜೆಯನ್ನು ಭಾರತದ ಕೋಚುಗಳೆಲ್ಲ ತಮ್ಮದೆಂದುಕೊಂಡಿದ್ದರೆ ತಪ್ಪೇನಿಲ್ಲ. ಆದರೆ ಮುಂದೇನಾಯಿತು? 2018ರ ಜನವರಿ 2ರಂದು ತನ್ನ ಮೈದಾನದಲ್ಲಿ ಚೆನ್ನೈ ಸಿಟಿ ತಂಡಕ್ಕೆ ಬಾಗಾನು 2-1ರಿಂದ ಸೋತಾಗ, ಸ್ವಂತ ಅಭಿಮಾನಿಗಳೇ ಅದೇ ಸಂಜಯ್ ಸೇನರನ್ನು ನಿಂದಿಸಿ ಉಗುಳಿದರು. ಅವರು ಅಂದೇ ರಾಜೀನಾಮೆ ಕೊಟ್ಟು ಹೋದರು. ಹಾಗೆ ಅವಮಾನಪಡಿಸಿದವರು ಪರದೇಶದವರಲ್ಲ.

ಈ ವ್ಯಾಧಿ ನಮ್ಮದೊಂದೇ ಅಲ್ಲವೆಂಬುದು ಸಮಾಧಾನದ ಮಾತೋ ಅಲ್ಲವೋ ತಿಳಿಯದು. ವೆಸ್ಟ್‌ವುಡ್‌ರ ತಾಯ್ನಾಡಾದ ಇಂಗ್ಲೆಂಡಿನಲ್ಲಿಯೇ 1996ರಲ್ಲಿ ಆರ್ಸೀನ್ ವೆಂಗರ್ ಜಪಾನಿನ ನಗೋಯದಿಂದ ಆರ್ಸೆನಲ್‌ಗೆ ಬಂದಿಳಿದಾಗ, ಯಾರೀತ ಎಂದು ಲಂಡನ್ನಿನ ಪತ್ರಿಕೆ ಕೇಳಿತು. ಜಪಾನಿನ ಆಟದ ಬಗ್ಗೆ ಮಾತನಾಡಿಕೊಂಡಿರಲಿ ಎಂಬ ಅರ್ಥದಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್‌ನ ಅಲೆಕ್ಸ್ ಫರ್ಗ್ಯೂಸನ್ ಕುಟುಕಿದರು. ವೆಂಗರ್ ಆಟಗಾರರ ಚಾಕಲೇಟು ಬಿಡಿಸಿ ಬೇಯಿಸಿದ ತರಕಾರಿ ತಿನ್ನಿಸಿದರು, 1998ರಲ್ಲಿ ಲೀಗನ್ನೂ ಎಫ್‌ಎ ಕಪ್ಪನ್ನೂ ಒಟ್ಟಿಗೆ ಗೆದ್ದರು. ಅನಂತರ ಅದೇ ಹಿರಿಯರ ಕ್ಲಬ್ಬುಗಳ ಅಡುಗೆಮನೆಗಳಲ್ಲಿಯೂ ತರಕಾರಿ ಬೇಯತೊಡಗಿತು. 2000ದ ಕೊನೆಯಲ್ಲಿ ಸ್ವೀಡನ್ನಿನ ಸ್ವೆನ್ ಗೊರಾನ್ ಎರಿಕ್ಸನ್ ಇಂಗ್ಲೆಂಡ್ ರಾಷ್ಟ್ರತಂಡಕ್ಕೆ ನೇಮಕವಾದಾಗ, ಅಲ್ಲಿನ ಮ್ಯಾನೇಜರುಗಳ ಸಂಘ ಇದು ತನ್ನ ಸದಸ್ಯರಿಗಾದ ಅವಮಾನವೆಂದೇ ಭಾವಿಸಿತು. ಹೀಗೆ ಫರ್ಗ್ಯೂಸನ್‌ರ ಕ್ಲಬ್ಬಿನಲ್ಲಿ ಬೆಳೆದ ಹುಡುಗನು ವೆಂಗರ್‌ರ ಪಾಠವನ್ನು ಬೆಂಗಳೂರಿಗೆ ಹೊತ್ತು ತಂದದ್ದು ವಿಧಿಯ ವಿನೋದಗಳಲ್ಲಿ ಒಂದು.

ಫ್ರಾನ್ಸಿನ ಪ್ರಸಂಗ ಇನ್ನೂ ಸ್ವಾರಸ್ಯವಾದದ್ದು. ಬೆಲ್ಜಿಯಂನಲ್ಲಿ ಇಂಗ್ಲಿಷ್ ತಂದೆತಾಯಿಗಳಿಗೆ ಹುಟ್ಟಿದ ವಿಲ್ ಸ್ಟಿಲ್ ಎಂಬುವರಿಗೆ 2022ರ ಅಕ್ಟೋಬರಿನಲ್ಲಿ, ಮೂವತ್ತು ತುಂಬುವ ಹೊತ್ತಿಗೆ, ರೀಮ್ಸ್ ಕ್ಲಬ್ಬು ತನ್ನ ತಂಡವನ್ನು ಒಪ್ಪಿಸಿತು. ಯುರೋಪಿನ ಪ್ರೊ-ಲೈಸೆನ್ಸ್ ಅವರಲ್ಲಿರಲಿಲ್ಲ. ಆದ್ದರಿಂದ ಅವರು ಗೆರೆಯ ಪಕ್ಕದಲ್ಲಿ ನಿಂತ ಪ್ರತಿಯೊಂದು ಪಂದ್ಯಕ್ಕೂ ಕ್ಲಬ್ಬು 25,000 ಯೂರೋ ದಂಡ ತೆರಬೇಕಾಯಿತು. ಮೊದಲ 17 ಲೀಗ್ ಪಂದ್ಯಗಳಲ್ಲಿ ಅವರು ಸೋಲಲಿಲ್ಲ. ಕ್ಲಬ್ಬು ದಂಡವನ್ನು ತೆರುತ್ತಲೇ ಹೋಯಿತು. ಗಮನಿಸಬೇಕಾದದ್ದು ಇಲ್ಲಿದೆ: ಕಲ್ಕತ್ತೆಯಲ್ಲಿ ಲೈಸೆನ್ಸಿಲ್ಲದವರು ಹಿರಿಯರು, ರೀಮ್ಸ್‌ನಲ್ಲಿ ಲೈಸೆನ್ಸಿಲ್ಲದವನು ಕಿರಿಯ. ಕಲ್ಕತ್ತೆಯ ಅಭಿಮಾನಿಗೆ ಕಾಗದ ನಿಷ್ಪ್ರಯೋಜಕ, ಅನುಭವವೇ ಮುಖ್ಯ. ಫ್ರಾನ್ಸಿನ ವೃತ್ತಿವಂತನಿಗೆ ಕಾಗದವೇ ಮುಖ್ಯ, ಗೆಲುವು ಗೌಣ. ಕಾಗದವಾದರೋ ಎರಡೂ ಕಡೆ ಅದೇ ಜಾತಿಯದು. ಅದನ್ನು ಯಾರು ಯಾರ ಎದುರಿಗೆ ಹಿಡಿಯುತ್ತಾರೆಂಬುದರಲ್ಲಿ ಮಾತ್ರ ವ್ಯತ್ಯಾಸ.

ವಿಳಾಸ ತಪ್ಪಿತೆಂದೆನಲ್ಲ, ಆ ಮಾತಿಗೆ ನಮ್ಮ ಬೆಳಗೊಳದಲ್ಲಿಯೇ ಆಧಾರವೊಂದಿದೆ. ಉಜ್ಜಯಿನಿಯ ಕಡೆಯಿಂದ ಬಂದ ಸಂಘದ ಸ್ಮರಣೆಯಿಂದಲೇ ಈ ಕ್ಷೇತ್ರದ ಶಾಸನಗಳು ಮೊದಲಾಗುತ್ತವಾದ್ದರಿಂದ, ಇಲ್ಲಿ ಮೊದಲಿಗರು ಯಾರು, ಬಂದವರು ಯಾರು ಎಂಬುದು ಬಿಡಿಸಲಾಗದ ಲೆಕ್ಕ. ಭಂಡಾರಿ ಬಸದಿಯಲ್ಲಿರುವ 1368ರ ಬುಕ್ಕರಾಯನ ಶಾಸನ, ನಾಡಿನಲ್ಲಿ ಬಹುಕಾಲದಿಂದ ನೆಲೆಸಿದ್ದ ಜೈನರಿಗೂ ಅವರಿಗಿಂತ ಈಚೆಗೆ ಪ್ರಬಲರಾದ ಶ್ರೀವೈಷ್ಣವರಿಗೂ ಹುಟ್ಟಿದ ವಿವಾದವನ್ನು ಕುರಿತದ್ದು. ಜೈನರು ಅನ್ಯಾಯವಾಯಿತೆಂದು ದೂರು ಒಯ್ದಾಗ, ಅರಸನು ನೀವು ನೀವೇ ತೀರಿಸಿಕೊಳ್ಳಿರೆನ್ನಲಿಲ್ಲ. ಜೈನರ ಕೈಯನ್ನು ಹಿಡಿದು ವೈಷ್ಣವರ ಕೈಯಲ್ಲಿಟ್ಟು, ಎರಡು ದರ್ಶನಗಳಿಗೂ ಭೇದವಿಲ್ಲವೆಂದು ಸಾರಿ, ಜೈನರ ಮನೆಗೆ ವರ್ಷಕ್ಕೊಂದು ಹಣದಂತೆ ಕೂಡಿಸಿದ ದ್ರವ್ಯದಲ್ಲಿ ಬೆಳಗೊಳದ ದೇವರಿಗೆ ಇಪ್ಪತ್ತು ಮಂದಿ ಅಂಗರಕ್ಷಕರನ್ನು ನೇಮಿಸುವ, ಉಳಿದುದರಲ್ಲಿ ಜೀರ್ಣವಾದ ಜಿನಾಲಯಗಳನ್ನು ಸರಿಪಡಿಸುವ ಹೊಣೆಯನ್ನು ತಿರುಮಲೆಯ ವೈಷ್ಣವ ಆಚಾರ್ಯನಿಗೇ ವಹಿಸಿದ. ಇಷ್ಟು ವಿವರವಾಗಿ ಬರೆಯಿಸಿದ್ದರಲ್ಲಿ ರಾಜನೀತಿಯ ಒಂದು ಸೂಕ್ಷ್ಮವಿದೆ: ಕೂಡಿ ಬಾಳುವ ವ್ಯವಸ್ಥೆಯನ್ನು ಕಟ್ಟುವ ಹೊಣೆ ಸಿಂಹಾಸನದ ಮೇಲಿರುವವನದು. ನಮ್ಮ ಕಾಲ್ಚೆಂಡಿನ ಸಿಂಹಾಸನಸ್ಥರು, ಎಂದರೆ ಮಾಲೀಕರೂ ಫೆಡರೇಷನ್ನಿನವರೂ, ಈ ಕೆಲಸವನ್ನು ಮಾಡಲಿಲ್ಲ.

ಮಾಡಿದ್ದು ತದ್ವಿರುದ್ಧವಾದದ್ದು. 2014ರಲ್ಲಿ ಇಂಡಿಯನ್ ಸೂಪರ್ ಲೀಗ್ ಆರಂಭವಾದಾಗ ಎಂಟು ತಂಡಗಳ ಎಂಟು ಮುಖ್ಯ ಕೋಚುಗಳೂ ವಿದೇಶೀಯರು. ಭಾರತೀಯರಿಗೆ ದೊರೆತದ್ದು ಸಹಾಯಕನ ಸ್ಥಾನ, ಇಲ್ಲವೆ ಯಾರಾದರೂ ವಿದೇಶೀಯ ಪದಚ್ಯುತನಾದಾಗ ಹಂಗಾಮಿ ಸ್ಥಾನ. ಬೆಂಗಳೂರಿನಲ್ಲಿಯೇ 2021ರ ಜನವರಿಯಲ್ಲಿ ಸ್ಪೇನಿನ ಕಾರ್ಲೆಸ್ ಕ್ವಾಡ್ರಾಟ್ ಹೋದಾಗ ನೌಷಾದ್ ಮೂಸಾ ಹಂಗಾಮಿಯಾದರು; 2023ರ ಡಿಸೆಂಬರಿನಲ್ಲಿ ಇಂಗ್ಲೆಂಡಿನ ಸೈಮನ್ ಗ್ರೇಸನ್ ಹೋದಾಗ ರೆನೆಡಿ ಸಿಂಗ್ ಹಂಗಾಮಿಯಾದರು; ಎರಡು ಸಾರಿಯೂ ಕುರ್ಚಿ ಬಿಸಿಯಾಗುವ ಮೊದಲೇ ವಿಮಾನದಿಂದ ಇನ್ನೊಬ್ಬರು ಇಳಿದರು. ಸೋಲಿನ ಮಧ್ಯದಲ್ಲಿ ಸಾರಥ್ಯ ವಹಿಸಿ ಗೆಲುವಿನ ಮೊದಲು ಕೆಳಗಿಳಿಯುವುದು ಒಬ್ಬ ಮನುಷ್ಯನ ಸಾಮರ್ಥ್ಯವನ್ನು ಅಳೆಯುವ ರೀತಿಯಲ್ಲ. ಸೂಪರ್ ಲೀಗಿನ ಒಂದು ತಂಡ ಭಾರತೀಯನೊಬ್ಬನನ್ನು ಮೊದಲ ಸಲ ಪೂರ್ಣಾವಧಿ ಮುಖ್ಯ ಕೋಚ್ ಮಾಡಿದ್ದು 2021ರಲ್ಲಿ. ತಂಡ ನಾರ್ತ್‌ಈಸ್ಟ್ ಯುನೈಟೆಡ್, ಕೋಚ್ ಖಾಲಿದ್ ಜಮೀಲ್. ಅವರು ಅದಕ್ಕೆ ನಾಲ್ಕು ವರ್ಷ ಮೊದಲೇ ಐಜಾಲ್‌ನ ಚಿಕ್ಕ ತಂಡವನ್ನು ಐ-ಲೀಗಿನ ಚಾಂಪಿಯನ್ ಮಾಡಿದ್ದವರು.

ವೆಸ್ಟ್‌ವುಡ್ 2016ರಲ್ಲಿ ಎರಡನೆಯ ಐ-ಲೀಗನ್ನು ಗೆದ್ದುಕೊಟ್ಟು ಬೆಂಗಳೂರನ್ನು ಬಿಟ್ಟರು. ಆದರೆ ಭಾರತವನ್ನು ಅವರು ಬಿಟ್ಟರೂ ಭಾರತ ಅವರನ್ನು ಬಿಡಲಿಲ್ಲ. 2024ರ ಮಾರ್ಚ್ 26ರಂದು ಗುವಾಹಟಿಯಲ್ಲಿ, ಛೆಟ್ರಿಯವರ 150ನೆಯ ಅಂತಾರಾಷ್ಟ್ರೀಯ ಪಂದ್ಯದ ದಿನ, ಭಾರತವನ್ನು 2-1ರಿಂದ ಸೋಲಿಸಿದ ಅಫ್ಘಾನಿಸ್ತಾನದ ಕೋಚ್ ಅವರೇ; 2025ರ ಜೂನ್ 10ರಂದು ಕೊನೆಯ ಗಳಿಗೆಯ ಪೆನಾಲ್ಟಿಯಿಂದ 1-0ರಿಂದ ಸೋಲಿಸಿದ ಹಾಂಗ್‌ಕಾಂಗಿನ ಕೋಚ್ ಕೂಡ ಅವರೇ. ಅವರು ಇಲ್ಲಿ ಕಲಿಸಿದ್ದೆಷ್ಟೋ ಕಲಿತದ್ದೂ ಅಷ್ಟೇ ಎಂದು ತೋರುತ್ತದೆ.

ಆ ಸೋಲಿನ ಬೆನ್ನಿಗೆ ಭಾರತದ ಕೋಚ್ ಆಗಿದ್ದ ಸ್ಪೇನಿನ ಮನೋಲೊ ಮಾರ್ಕೆಸ್ ಹೊರಟುಹೋದರು. ತೆರವಾದ ಸ್ಥಾನಕ್ಕೆ ಬಂದ ಅರ್ಜಿಗಳು 170. ಕೊನೆಯ ಮೂವರಲ್ಲಿ ಇಬ್ಬರು ವಿದೇಶೀಯರು, ಅವರಲ್ಲೊಬ್ಬರು ಹಿಂದೆ ಎರಡು ಸಾರಿ ಆ ಪದವಿಯಲ್ಲಿದ್ದ ಇಂಗ್ಲಿಷರಾದ ಸ್ಟೀಫನ್ ಕಾನ್‌ಸ್ಟಂಟೈನ್. 2025ರ ಆಗಸ್ಟಿನಲ್ಲಿ ಫೆಡರೇಷನ್ ಆರಿಸಿದ್ದು ಖಾಲಿದ್ ಜಮೀಲ್ ಅವರನ್ನು. ಹದಿಮೂರು ವರ್ಷಗಳ ಮೇಲೆ ಆ ಕುರ್ಚಿ ಭಾರತೀಯನಿಗೆ ದಕ್ಕಿತು. ಅವರು ಹುಟ್ಟಿದ್ದು ಕುವೈತಿನಲ್ಲಿ ಎಂಬುದನ್ನು ನೆನೆದರೆ ಸ್ವದೇಶ ಪರದೇಶಗಳ ವಾದಕ್ಕೆ ಇನ್ನೊಂದು ತಿರುವು ಬಂದಂತಾಗುತ್ತದೆ. ಮೊದಲ ಪ್ರವಾಸದಲ್ಲಿಯೇ ತಾಜಿಕಿಸ್ತಾನವನ್ನೂ, ಪೆನಾಲ್ಟಿಗಳಲ್ಲಿ ಒಮಾನನ್ನೂ ತಂಡ ಸೋಲಿಸಿದಾಗ ಹೊಗಳಿಕೆ ಧಾರಾಳವಾಗಿ ಬಂದಿತು. ಅಕ್ಟೋಬರ್ 14ರಂದು ಗೋವೆಯಲ್ಲಿ ಸಿಂಗಪುರಕ್ಕೆ 2-1ರಿಂದ ಸೋತು ಏಷ್ಯನ್ ಕಪ್ಪಿನ ದಾರಿ ಮುಚ್ಚಿಹೋದಾಗ ಹೊಗಳಿದ ನಾಲಗೆಗಳೇ ಹೊರಳಿದುವು. ಪರದೇಶದವನಿಗೆ ಬೆಂಗಳೂರಿನಲ್ಲಿ ಕೊಟ್ಟ ಮೂರು ವರ್ಷಗಳ ಸಾವಧಾನವನ್ನು ಸ್ವದೇಶದವನಿಗೆ ದೆಹಲಿಯಲ್ಲಿ ಕೊಡುವರೋ ಇಲ್ಲವೋ ಎಂಬ ಪರೀಕ್ಷೆ ಅಂದಿನಿಂದ ಮೊದಲಾಯಿತು. ಮರುತಿಂಗಳು ಢಾಕಾದಲ್ಲಿ ಬಾಂಗ್ಲಾದೇಶದ ಎದುರಿನ ಪಂದ್ಯಕ್ಕೆ ತಂಡವನ್ನು ಕರೆದೊಯ್ದವರು ಖಾಲಿದ್ ಅವರೇ. ಅಲ್ಲಿಯೂ 1-0ರಿಂದ ಸೋತರು.